ಮೂವತ್ತೊಂದನೇ ತಾರೀಕಿನ ಹನ್ನೊಂದು ಹೆಸರು

ಶ್ರೀರಂಗಪಟ್ಟಣದ ಗ್ಯಾಸ್ ಏಜೆನ್ಸಿಯೊಂದರಲ್ಲಿ ನಾನು ಸಿಲಿಂಡರ್ ಹೊರುತ್ತಿದ್ದಾಗ ಕಂಪ್ಯೂಟರ್ ಹೊಸದು. ಅದನ್ನು ನಡೆಸುತ್ತಿದ್ದ ಮೇಡಂ ದೇವರ ಮನೆಗೆ ಹೋಗುವ ಹಾಗೆ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದರು. ಯಾರು ಏನು ಕೇಳಿದರೂ ಅವರದು ಒಂದೇ ಮಾತು: "ನಾನು ಕೇಳಿದ್ದನ್ನ ಅದು ಕೊಡ್ತದೆ ಕಣಣ್ಣ, ನನ್ನ ಮನಸಲ್ಲಿರೋದನ್ನಲ್ಲ."

ಒಮ್ಮೆ, ಒಂದರಿಂದ ಮೂವತ್ತೊಂದನೇ ತಾರೀಕಿನವರೆಗೆ ಬುಕ್ ಮಾಡಿದವರ ಪಟ್ಟಿ ತೆಗೆದುಕೊಟ್ಟರು. ಅದರಂತೆ ಮನೆಮನೆಗೂ ಸಿಲಿಂಡರ್ ಇಳಿಸಿದೆ. ಮೂರನೇ ದಿನ ಮಧ್ಯಾಹ್ನ, ಸಿಲಿಂಡರ್ ಸಿಗದ ಗಂಜಾಂ ಊರಿನವರು ಗೇಟಿಗೇ ಬಂದರು.

"ನಮ್ಮ ಸಿಲಿಂಡರ್ ಯಾವ ಓಟ್ಲಿಗೆ ಮಾರ್ಕೊಂಡ್ಯಲಾ?" ಒಬ್ಬ ನನ್ನ ಅಂಗಿ ಹಿಡಿದ.

"ಐದನೇ ಕ್ಲಾಸ್ಗೆ ಸ್ಕೂಲ್ ಬುಟ್ಟಿರ್ಬೋದು, ಕಳ್ತನ ಕಲ್ತಿಲ್ಲ ಕಣ್ಲಾ. ಪಟ್ಟೀಲಿ ನಿನ್ನ ಹೆಸರೇ ಇಲ್ಲ!"

ಗಲಾಟೆ ಕೇಳಿ ಹೊರಬಂದ ಏಜೆನ್ಸಿಯ ಯಜಮಾನರು ನನ್ನನ್ನೇ ದುರುಗುಟ್ಟಿ ನೋಡಿದರು. "ಇವತ್ತೇ ಕೆಲ್ಸ ಬುಟ್ಟೋಗು."

ಒಳಗೆ ಕೀಲಿ ಒತ್ತುವ ಸದ್ದು ನಿಂತಿತು. ಮೇಡಂ ಹೊಸ ಪಟ್ಟಿಯೊಂದನ್ನು ಹಿಡಿದು ಓಡಿ ಬಂದರು.

"ತಪ್ಪು ನಂದು ಸಾರ್. ಮೂವತ್ತೊಂದರ ತನಕ ಅಂತ ಕೇಳಿದ್ದೆ. ತಾರೀಕಿನ ಜೊತೆ ಬುಕ್ ಮಾಡಿದ ಹೊತ್ತೂ ಅದ್ರಲ್ಲಿರ್ತದೆ. ಮೂವತ್ತೊಂದು ಶುರುವಾಗ್ತಿದ್ದಂಗೇ ಅದು ನಿಂತ್ಬುಟ್ಟದೆ, ಅವತ್ತು ಹಗಲೊತ್ತು ಬುಕ್ ಮಾಡಿದೋರೆಲ್ಲ ಬಿಟ್ಟೋಗವ್ರೆ. ಮುಂದಿನ ತಿಂಗಳ ಒಂದಕ್ಕಿಂತ ಮುಂಚೆ ಅಂತ ಕೇಳ್ಬೇಕಿತ್ತು."

ಬಿಟ್ಟುಹೋದ ಹನ್ನೊಂದು ಹೆಸರನ್ನೂ ಗಟ್ಟಿಯಾಗಿ ಓದಿದರು. ಅಂಗಿ ಹಿಡಿದವನ ಹೆಸರೂ ಬಂತು. ಅವನ ಕೈ ಸಡಿಲವಾಯಿತು. ಯಜಮಾನರು "ಈ ಹನ್ನೊಂದನ್ನೂ ಇವತ್ತೇ ಇಳಿಸ್ಬುಟ್ ಬಾ" ಅಂತ ನನಗೆ ಹೇಳಿ ಒಳಗೆ ಹೋದರು.

ಆಮೇಲೆ ನೋಡಿದೆ, ಕಾದ ಸಿಮೆಂಟಿನ ಮೇಲೆ ಮೇಡಂ ಬರಿಗಾಲಲ್ಲಿ, ಒಂದು ಕಾಲೆತ್ತಿ ಇನ್ನೊಂದು ಕಾಲಿಡುತ್ತ ನಿಂತಿದ್ದರು. ಯಜಮಾನರ ಚಪ್ಪಲಿಯನ್ನೂ ಎತ್ತಿಡದವನು ನಾನು. ಒಳಗೆ ಹೋಗಿ ಅವರ ಚಪ್ಪಲಿ ತಂದು ಕಾಲ ಬಳಿ ಇಟ್ಟೆ.