ಕೆಂಪು ದಾರದ ಸಂಬಂಧ

ಬೀಚನಹಳ್ಳಿಯ ಆಚೆ, ಕಾಡಂಚಿನ ಗುಡಿಸಲುಗಳ ಹಾಡಿಯಲ್ಲಿ ಜೋಗಯ್ಯ ಅಂತ ಒಬ್ಬನಿದ್ದ. ಜೇನು ಕೀಳುವುದರಲ್ಲಿ ಅವನಿಗೆ ಎದುರಿಲ್ಲ. ಒಂದು ಸಲ ಹೆಜ್ಜೇನು ಅಟ್ಟಿಸಿಕೊಂಡು ಬಂದಾಗ ಮಲಗಿದ್ದ ಆನೆಯ ಕಿವಿಯೊಳಗೆ ಅಡಗಿಕೊಂಡು, ಅಲ್ಲೇ ಒಂದು ಬೀಡಿಯನ್ನೂ ಸೇದಿ ಬಂದನಂತೆ. ಆನೆಗೆ ಕೆಮ್ಮು ಹತ್ತಿತಂತೆ. ನಂಬದವರು ಆನೆಯನ್ನೇ ಕೇಳಬಹುದು.

ಅರವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಆ ಹಾಡಿಗೆ ಒಂದು ಜೀಪು ಬಂತು. ಇಳಿದವರು ರಕ್ತದ ಸಂಶೋಧನೆ ಮಾಡುವ ಡಾಕ್ಟರು, ರುದ್ರಸ್ವಾಮಿ. ಎಲ್ಲರ ಬೆರಳಿಗೂ ಸೂಜಿ ಚುಚ್ಚಿ, ಗಾಜಿನ ಮೇಲೆ ಹನಿ ಇಟ್ಟು, ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ನೋಡಿದರು. ಕೆಲವರ ರಕ್ತದ ಕಣ ದುಂಡಗಿರದೆ ಕುಡುಗೋಲಿನ ಹಾಗೆ ಬಾಗಿತ್ತು. ಅಂಥವರ ಮುಂಗೈಗೆ ಕೆಂಪು ದಾರ ಕಟ್ಟಿ, ಫೋಟೋ ತೆಗೆದು, ಒಂದೊಂದು ಕಂಬಳಿ ಕೊಟ್ಟು ಹೋದರು. ಯಾಕೆ ಅಂತ ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಹಾಡಿಯಲ್ಲಿ ಮುಂಗೈಗೆ ದಾರ ಕಟ್ಟುವುದು ದೇವರು ಒಪ್ಪಿದವರಿಗೆ ಮಾತ್ರ. ಕೇಳುವುದೇನಿದೆ?

ಜೋಗಯ್ಯನಿಗೂ ಮಗಳು ಸಣ್ಣಿಗೂ ದಾರ ಸಿಕ್ಕಿತು. ಆ ಕಂಬಳಿ ಹೊದ್ದು ಮಲಗಿದರೆ ಹುಲಿಯೂ ಸಲಾಂ ಹೊಡೆದು ಹೋಗುತ್ತದೆ ಅಂತ ಜೋಗಯ್ಯ ಹೇಳಿಕೊಂಡು ತಿರುಗಿದ. ಅವನ ತಂಗಿಯ ಮಗ ಮುತ್ತನಿಗೆ ಮಾತ್ರ ದಾರ ಸಿಗಲಿಲ್ಲ. ಸಣ್ಣಿ ಹುಟ್ಟಿದಾಗಲೇ ಅವಳು ಮುತ್ತನಿಗೆ ಅಂತ ಮಾತಾಗಿತ್ತು.

"ಮಾವ, ಹೆಣ್ಣು ಯಾವಾಗ ಕೊಡ್ತೀಯ?" ಮುತ್ತ ಕೇಳಿದ.

ಜೋಗಯ್ಯ ಎಲ್ಲರೆದುರು ಅವನ ಕೈ ಎತ್ತಿ ತೋರಿಸಿದ. "ನೋಡ್ರಲಾ, ಬೋಳು ಕೈ! ಗಾಜಲ್ಲಿ ನೋಡ್ದೋರೇ ಇವನ್ನ ಬ್ಯಾಡ ಅಂದ್ರು. ನನ್ ಮಗಳ್ಗೆ ಬೇಕಾ?"

ಹಾಡಿ ಬಿದ್ದು ಬಿದ್ದು ನಕ್ಕಿತು. ಸಣ್ಣಿ ಅತ್ತಳು. ಕೆಂಪು ದಾರದ ಜವರನ ಜೊತೆ ಅವಳ ಮದುವೆಯಾಯಿತು.

ಹುಟ್ಟಿದ ಗಂಡುಮಗು ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಕೈಕಾಲು ಊದಿಕೊಂಡು, ಕಣ್ಣು ಹಳದಿಯಾಗಿ, ಮುಟ್ಟಿದರೆ ಚೀರತೊಡಗಿತು. ಜೋಗಯ್ಯ ಜೇನು ನೆಕ್ಕಿಸಿದ, ಬೇರು ತೇಯ್ದು ಹಚ್ಚಿದ, ಆನೆ ಕಿವಿಯ ಕತೆಯನ್ನೂ ಹೇಳಿದ. ಯಾವುದೂ ನಾಟಲಿಲ್ಲ.

"ಡಾಕ್ಟ್ರು ಬತ್ತಾರೆ ಕಣವ್ವ. ದಾರ ಕಟ್ಟಿದೋರು ಕೈ ಬುಡ್ತಾರಾ?" ಅಂತ ಮಗಳಿಗೆ ಹೇಳುತ್ತಿದ್ದ.

ಬಂದರು. ಮಗುವಿನ ರಕ್ತ ನೋಡಿದ ರುದ್ರಸ್ವಾಮಿಯವರ ಮುಖ ಅರಳಿತು.

"ಅಪ್ಪ ಅಮ್ಮ ಇಬ್ರೂ ಕೆಂಪು ದಾರದವರಾ? ಇಂಥದ್ದೊಂದು ಸಿಕ್ಕಲಿ ಅಂತಲೇ ಕಾಯ್ತಿದ್ದೆ!"

"ಔಸ್ದಿ ಕೊಡಿ ಸ್ವಾಮಿ."

"ಇದಕ್ಕೆ ಔಷಧಿ ಇಲ್ಲ ತಾತ. ಅಪ್ಪನ ರಕ್ತದಲ್ಲಿ ಅರ್ಧ, ಅಮ್ಮನ ರಕ್ತದಲ್ಲಿ ಅರ್ಧ ದೋಷ ಇತ್ತು. ಅವರಿಗೇನೂ ಆಗಲ್ಲ. ಮಗುವಿಗೆ ಎರಡೂ ಸೇರಿಬಿಟ್ಟಿದೆ. ದಾರ ಇಲ್ಲದವನಿಗೆ ಹೆಣ್ಣು ಕೊಟ್ಟಿದ್ರೆ ಹೀಗಾಗ್ತಿರಲಿಲ್ಲ."

ಜೋಗಯ್ಯ ತನ್ನ ಮುಂಗೈ ಮುಂದೆ ಚಾಚಿದ. "ಮತ್ತೆ ದಾರ ಯಾಕ್ ಕಟ್ಟುದ್ರಿ?"

"ಗುರುತಿಗೆ. ಮತ್ತೆ ಬಂದಾಗ ಹುಡುಕೋಕೆ."

ಮುತ್ತ ಅಷ್ಟರಲ್ಲಿ ಬೇರೆ ಕಡೆ ಹೆಣ್ಣು ತಂದಿದ್ದ. ಹಿಂದೆ ನಿಂತಿದ್ದ ಅವನ ಸೊಂಟದ ಮೇಲೆ ಅವನ ಗುಂಡು ಗುಂಡಾದ ಮಗಳಿದ್ದಳು. "ಮಾವ," ಅಂದ, "ನನ್ ಬೋಳು ಕೈ ಇನ್ನೊಂದ್ಸಲ ಎತ್ತಿ ತೋರ್ಸು, ಬಾ." ಈ ಸಲ ಅವನೊಬ್ಬನೇ ನಕ್ಕ.

ಡಾಕ್ಟರು ಮಗುವಿಗೆಂದು ಕತ್ತರಿಸಿದ ದಾರ ಊದಿದ ಮುಂಗೈಗೆ ಸಾಲಲಿಲ್ಲ. ಇನ್ನೊಂದು ಕತ್ತರಿಸಿದರು. ಚೀರುವ ಮಗುವನ್ನು ಜೋಗಯ್ಯನೇ ಅಲುಗದಂತೆ ಹಿಡಿದುಕೊಂಡ. ಪಕ್ಕದಲ್ಲಿ ಸಣ್ಣಿ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಒಟ್ಟೇಲಿರೋದು, ಸ್ವಾಮಿ?" ಜೋಗಯ್ಯ ಕೇಳಿದ.

"ಹುಟ್ಟಲಿ, ನೋಡೋಣ."

ಡಾಕ್ಟರು ದಾರದ ಉಂಡೆಯನ್ನು ಜೇಬಿಗೆ ಇಳಿಸಿದರು. ಅದರಲ್ಲಿ ಇನ್ನೂ ಬೇಕಾದಷ್ಟು ದಾರವಿತ್ತು.