ವೆನಿಸ್ಸಿನಲ್ಲಿ ಮೋರಿಸ್ ಅಂಕಲ್ ಕಾವಲು

ಕುವೈತ್‌ನ ಫಹಾಹೀಲ್‌ನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿರುವ ಮೋರಿಸ್ ಅಂಕಲ್ ಮೊಸರಿನ ಡಬ್ಬಿಯ ತಾರೀಕು ನೋಡಿ, ಮುಚ್ಚಳ ತೆಗೆದು ಮೂಸಿ, ಮೊದಲ ಚಮಚ ಹೆಂಡತಿ ಐವಿ ಆಂಟಿಗೆ ತಿನ್ನಿಸಿ, ಅವರಿಗೆ ಏನೂ ಆಗದಿದ್ದರೆ ತಾವು ತಿನ್ನುವ ಮನುಷ್ಯ. ಲಿಫ್ಟಿನಲ್ಲಿ ಯಾರಾದರೂ ನೋಡಿ ನಕ್ಕರೆ, ಯಾಕೆ ನಕ್ಕರು ಎಂದು ಮನೆ ಸೇರುವವರೆಗೂ ಯೋಚಿಸುತ್ತಾರೆ. "ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಮಾರಾಯ್ರೆ" ಎನ್ನುವ ಮಾತು ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮದುವೆಯ ದಿನ ಉಂಗುರವನ್ನು ಅಂಗಿಯ ತೋಳಿಗೆ ಉಜ್ಜಿ ನೋಡಿದ್ದರು ಎಂದು ಐವಿ ಆಂಟಿ ಹೇಳುತ್ತಾರೆ. ನಾನು ನಂಬುತ್ತೇನೆ.

ಮೀನಾ ಅಬ್ದುಲ್ಲಾದ ರಿಫೈನರಿಯ ಗುತ್ತಿಗೆ ಕಂಪನಿಯೊಂದರಲ್ಲಿ ಅವರ ಕೆಲಸವೂ ಅವರಿಗೆ ಹೇಳಿ ಮಾಡಿಸಿದಂಥದ್ದೇ. ಎಣ್ಣೆಯ ಟ್ಯಾಂಕ್ ತೊಳೆಯಲು ಜನ ಒಳಗಿಳಿಯುವಾಗ ಇವರು ಅದರ ಬಾಯಿಯ ಹತ್ತಿರ ನಿಂತು ಒಬ್ಬೊಬ್ಬರ ಗುರುತಿನ ಕಾರ್ಡನ್ನೂ ಇಸಿದುಕೊಳ್ಳುತ್ತಾರೆ. ಹೊರಗೆ ಬಂದವನ ಮುಖ ನೋಡಿ ವಾಪಸ್ಸು ಕೊಡುತ್ತಾರೆ. ಕೈಯಲ್ಲಿ ಕಾರ್ಡ್ ಉಳಿದಿದ್ದರೆ ಒಳಗೆ ಒಂದು ಜೀವ ಉಳಿದಿದೆ ಎಂದರ್ಥ. ಅದು ಹೊರಬರುವವರೆಗೆ ಅಂಕಲ್ ನೀರು ಕುಡಿಯಲೂ ಹೋಗುವುದಿಲ್ಲವಂತೆ.

ಚರ್ಚಿನವರ ಇಟಲಿ ಯಾತ್ರೆಗೆ ಮುಂದಾಳು ಇವರೇ. ರೋಮ್, ಪಾದುವಾದ ಸಂತ ಅಂತೋಣಿಯವರ ದರ್ಶನ, ಕೊನೆಗೆ ವೆನಿಸ್. ಅಲ್ಲಿಯೂ ಅದೇ ಪದ್ಧತಿ: ಎಲ್ಲರ ಪಾಸ್‌ಪೋರ್ಟ್ ಇವರ ಅಂಗಿಯೊಳಗಿನ ಸೊಂಟದ ಚೀಲದಲ್ಲಿ. ಅದರಿಂದ ಅವರಿಗೆ ಎರಡನೆಯ ಹೊಟ್ಟೆಯೊಂದು ಬರುತ್ತದೆ. ಈ ಅಕ್ಟೋಬರ್‌ನಲ್ಲಿ ನಾನೂ ಆ ಗುಂಪಿಗೆ ಸೇರಿದೆ. ನಾನು ಪಾವನಾ, ಮೈಸೂರಿನವಳು. ನಮ್ಮಜ್ಜಿ ಡೋರ್ನಹಳ್ಳಿಯ ಅಂತೋಣಿಯವರಿಗೆ ಹರಕೆ ಹೊತ್ತು ನಡೆದುಕೊಂಡವರು, ಹಾಗಾಗಿ ಸಂತರು ನನಗೇನೂ ಹೊಸಬರಲ್ಲ. ನನ್ನನ್ನು ಹೊರಡಿಸಿದವಳು ಡೆಲ್ಮಾ. ಜಾಬ್ರಿಯಾದ ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್, ಅವಳು ನರ್ಸ್.

ಡೆಲ್ಮಾಳ ಹೆಸರು ಕೇಳಿದ್ದೇ ಅಂಕಲ್ ಮುಖ ಹುಳಿಯಾಯಿತು. ಅದಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಅಂಕಲ್ ಕರೆದೊಯ್ದಿದ್ದ ಇಂಥದೇ ಯಾತ್ರೆಗೆ ಬಂದಿದ್ದ ಅವಳ ತಂಗಿ ಫ್ಲಾವಿ ವೆನಿಸ್ಸಿನಲ್ಲಿ ಗುಂಪಿನಿಂದ ತಪ್ಪಿಸಿಕೊಂಡು ಅಲ್ಲೇ ಉಳಿದುಬಿಟ್ಟಿದ್ದಳು. ಮರುವರ್ಷ ಚರ್ಚಿನ ಒಬ್ಬರಿಗೂ ವೀಸಾ ಸಿಗಲಿಲ್ಲ. ಈ ಸಲ ಅಂಕಲ್ ತಾವೇ ಹೊಣೆ ಎಂದು ಮಾತು ಕೊಟ್ಟ ಮೇಲೆ ದಾರಿ ತೆರೆದಿತ್ತು. ಇನ್ನೊಬ್ಬರು ತಪ್ಪಿಸಿಕೊಂಡರೆ ಅವರ ಮಾತಿಗೂ ಬೆಲೆಯಿಲ್ಲ, ಮುಂದೆ ಯಾರಿಗೂ ಯಾತ್ರೆಯೂ ಇಲ್ಲ.

"ತಂಗಿ ಹಾರಿದ ಜಾಗಕ್ಕೆ ಅಕ್ಕನನ್ನು ಕರ್ಕೊಂಡು ಹೋಗುದಾ? ಫಾದರಿಗೆ ಬುದ್ಧಿ ಇಲ್ಲ," ಎಂದು ಮೆಟ್ಟಿಲಲ್ಲೇ ನನ್ನನ್ನು ತಡೆದು ಹೇಳಿದರು. "ಅವಳ ಕಾಂಟ್ರಾಕ್ಟ್ ಡಿಸೆಂಬರಿಗೆ ಮುಗೀತದೆ, ಗೊತ್ತುಂಟಾ ನಿಮಗೆ? ಇಲ್ಲಿರುವ ಪರ್ಮಿಟ್, ಇಕಾಮಾ, ಅದೂ ಖಲಾಸ್. ವಾರದ ತಿರುಗಾಟಕ್ಕೆ ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ?"

ನನಗೆ ಮೈಯೆಲ್ಲ ಉರಿಯಿತು. "ಅಂಕಲ್, ಅವ್ಳಿಗೆ ಊರಲ್ಲಿ ಮಗಳಿದಾಳೆ, ಓದ್ತಿದಾಳೆ. ಬಿಟ್ಟು ಹೋಗ್ತಾಳಾ? ನಿಮ್ಗೆ ಎಲ್ರೂ ಕಳ್ರ ಥರಾನೇ ಕಾಣ್ತಾರಲ್ಲ!"

ಡೆಲ್ಮಾ ನನಗೆ ನಿಜ ಹೇಳಿದ್ದಳು, ಅಥವಾ ಹಾಗೆಂದು ನಾನು ತಿಳಿದಿದ್ದೆ. ಹೋದ ವರ್ಷ ಶಿರ್ವದಲ್ಲಿ ಅವರ ತಾಯಿ ತೀರಿಕೊಂಡಾಗ ಫ್ಲಾವಿಗೆ ಬರಲಾಗಲಿಲ್ಲ. ಮಣ್ಣು ಹಾಕುವುದನ್ನು ಫೋನಿನಲ್ಲಿ ನೋಡಿ ಅತ್ತಳಂತೆ. "ಒಂದು ಗಂಟೆ ಅವಳ ಮುಖ ನೋಡ್ಬೇಕು ಪಾವನಾ, ಮತ್ತೆಂತ ಬೇಡ. ನೀನು ಜೊತೆಗಿದ್ರೆ ಅಂಕಲ್ ಬಿಡ್ತಾರೆ." ನಾನು ಒಪ್ಪಿದೆ.

ರೋಮ್ ಮುಗಿಯಿತು. ಪಾದುವಾದಲ್ಲಿ ಕಳೆದದ್ದನ್ನು ಹುಡುಕಿಕೊಡುವ ಸಂತರ ಮುಂದೆ ಅಂಕಲ್ ಅರ್ಧ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಉಳಿದರ್ಧ ಡೆಲ್ಮಾಳ ಮೇಲಿತ್ತು.

ವೆನಿಸ್ಸಿನ ಮೇಲಂತೂ ಅವರಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. ದೋಣಿ ಬಸ್ಸಿನಿಂದ ಇಳಿದ ಕೂಡಲೇ ಒಂದು ಅರಮನೆಯ ಹಸಿರುಗಟ್ಟಿದ ಗೋಡೆಯನ್ನು ಉಗುರಿನಿಂದ ಕೆರೆದು, "ಇದು ಊರಲ್ಲ, ಸಿನಿಮಾ ಸೆಟ್. ಬುಡದಲ್ಲಿ ನೀರು ನಿಂತ ಮನೆಯಲ್ಲಿ ಯಾರಾದ್ರೂ ಸಂಸಾರ ಮಾಡ್ತಾರಾ?" ಎಂದರು. ಉದ್ದನೆಯ ಕರಿಯ ದೋಣಿಗಳನ್ನು ನೋಡಿ, "ಕಪ್ಪು ಬಣ್ಣ ಯಾಕೆ? ತೇಪೆ ಕಾಣಬಾರದು ಅಂತ," ಎಂದು ತೀರ್ಮಾನಿಸಿದರು. ಅಂಗಡಿ ತುಂಬ ತೂಗುಹಾಕಿದ್ದ ಬಣ್ಣದ ಮುಖವಾಡಗಳು ಕಂಡಾಗ ಚೀಲದ ಮೇಲೆ ಕೈಯಿಟ್ಟುಕೊಂಡರು. ಬಾಂಗ್ಲಾದವನೊಬ್ಬ ಐವಿ ಆಂಟಿಯ ಕೈಗೆ ಗುಲಾಬಿ ತುರುಕಲು ಬಂದಾಗ "ಭಾಯಿ, ಖಲಾಸ್, ಚಲೋ!" ಎಂದು ಗದರಿದರು. ಆ 'ಖಲಾಸ್' ಕೇಳಿ ಅವನು ನಕ್ಕು, "ಯಲ್ಲಾ, ಕುವೈತ್ ಸೆ ಆಯಾ?" ಎಂದ. ಅವನೂ ಕುವೈತ್‌ನಲ್ಲಿದ್ದವನೇ. ಅಂಕಲ್ ನನ್ನ ಕಡೆ ತಿರುಗಿ, "ಅಲ್ಲಿದ್ದವ ಇಲ್ಲಿಗೆ ಹೇಗೆ ಬಂದ, ಕೇಳಿ ನಿಮ್ಮ ಫ್ರೆಂಡಿನ ಹತ್ರ," ಎಂದರು.

ಆದರೆ ಊರು ಚೆಲುವಾಗಿತ್ತು. ಯಾರು ಎಷ್ಟು ಗೊಣಗಿದರೂ ಚೆಲುವಾಗಿತ್ತು.

ದೊಡ್ಡ ಚೌಕದಲ್ಲಿ ಎಲ್ಲರಿಗೂ ಸ್ವಲ್ಪ ಹೊತ್ತು ಬಿಡುವು ಸಿಕ್ಕಿತು. ನಾವಿಬ್ಬರೂ ಅಡ್ಡಾಡಿ ಬರುತ್ತೇವೆಂದಾಗ ಅಂಕಲ್ ಬೇಡ ಅನ್ನಲಿಲ್ಲ. "ಪಾಸ್‌ಪೋರ್ಟ್ ನನ್ನಲ್ಲೇ ಇರ್ತದೆ," ಎಂದಷ್ಟೇ ಹೇಳಿದರು. ಗಲ್ಲಿಯಿಂದ ಗಲ್ಲಿಗೆ, ಸೇತುವೆಯಿಂದ ಸೇತುವೆಗೆ ಫೋನು ನೋಡಿಕೊಂಡು ನಡೆದೆವು. ಒಂದು ಅಂಗಡಿಯ ಗಾಜಿನಲ್ಲಿ ಹಿಂದೆ ಬರುತ್ತಿದ್ದ ಅಂಕಲ್ ಟೋಪಿ ಕಂಡಿತು. ಸಿಟ್ಟು ಬಂದು ಹೆಜ್ಜೆ ಜೋರು ಮಾಡಿದೆ.

ಕೊನೆಯ ಸೇತುವೆಯ ಆಚೆ ಗಾಲಿಕುರ್ಚಿಯಲ್ಲಿ ಬಿಳಿಯ ಮುದುಕಿಯೊಬ್ಬಳು ಕುಳಿತಿದ್ದಳು. ಅದರ ಹಿಡಿ ಹಿಡಿದು ನಿಂತವಳು ಫ್ಲಾವಿ. ಆ ಮುದುಕಿಯನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಒಬ್ಬಳನ್ನೇ ಬಿಟ್ಟು ಬರುವಂತಿಲ್ಲ. ಕುರ್ಚಿಯನ್ನು ಸೇತುವೆಯ ಮೆಟ್ಟಿಲು ಹತ್ತಿಸುವಂತೆಯೂ ಇಲ್ಲ. ಡೆಲ್ಮಾ ಓಡಿದಳು. ಅಕ್ಕ ತಂಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುವುದನ್ನು ನೋಡಲಾಗದೆ ನಾನು ಮೆಟ್ಟಿಲ ಮೇಲೆ ಕುಳಿತೆ.

ಅಂಕಲ್ ಬಂದು ಪಕ್ಕದಲ್ಲಿ ಕುಳಿತರು. "ಸಮಾಧಾನ ಆಯ್ತಾ ಅಂಕಲ್? ಪೊಲೀಸ್ನ ಕರೀತೀರಾ?" ಎಂದೆ. ಅವರ ಕಿವಿಯೆಲ್ಲ ಆ ಕಡೆಗಿತ್ತು. ಸಹೋದರಿಯರು ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ನನಗೆ ಅದರ ಒಂದು ಅಕ್ಷರವೂ ತಿಳಿಯದು, ಅಂಕಲ್‌ಗೆ ಪ್ರತಿಯೊಂದೂ ತಿಳಿಯುತ್ತದೆ. ಫ್ಲಾವಿ ಅಕ್ಕನ ತೋಳು ಹಿಡಿದು ಮತ್ತೆ ಮತ್ತೆ ಏನೋ ಹೇಳುತ್ತಿದ್ದಳು. ಡೆಲ್ಮಾ ತಲೆಯಾಡಿಸುತ್ತಿದ್ದಳು. ಬೇಡ ಎನ್ನುತ್ತಿದ್ದಾಳೆ ಎಂದುಕೊಂಡೆ.

ಅಂಕಲ್ ಎದ್ದರು. ಸೇತುವೆ ಇಳಿದು ಅವರ ಹತ್ತಿರ ಹೋದರು. ಫ್ಲಾವಿ ಹೆದರಿ ಕುರ್ಚಿಯ ಹಿಂದೆ ಸರಿದಳು. ಅಂಕಲ್ ಅಂಗಿ ಎತ್ತಿ, ಚೀಲದಲ್ಲಿ ಹುಡುಕಿ, ಡೆಲ್ಮಾಳ ಪಾಸ್‌ಪೋರ್ಟನ್ನು ಅವಳ ಕೈಯಲ್ಲಿಟ್ಟು ವಾಪಸ್ಸು ಬಂದರು. "ಬನ್ನಿ, ಹೋಗುವ," ಎಂದರು ನನಗೆ.

ಎರಡು ಗಲ್ಲಿ ದಾಟಿದ ಮೇಲೆ ನಾನೇ ಕೇಳಿದೆ. "ಏನಂತಿದ್ರು ಅಂಕಲ್?"

"ಆ ಮುದುಕಿಗೆ ಒಬ್ಬಳು ತಂಗಿ ಉಂಟಂತೆ. ಅವಳನ್ನು ನೋಡ್ಲಿಕ್ಕೂ ಜನ ಬೇಕಂತೆ. ಮಲಗ್ಲಿಕ್ಕೆ ಕೋಣೆ ತಯಾರುಂಟು, ಇವತ್ತೇ ಇದ್ದುಬಿಡು ಅಂತ. ಮೊದಲೇ ಮಾತಾಡಿಕೊಂಡದ್ದು. ಇವಳು ಹೂಂ ಹೂಂ ಅಂತಿದ್ದಾಳೆ."

ನನ್ನ ಕಾಲು ಅಲ್ಲೇ ನಿಂತಿತು. ಒಂದು ಗಂಟೆಯ ಕಥೆ ಹೇಳಿ ನನ್ನನ್ನು ನೆಪಕ್ಕೆ ಕರೆತಂದಿದ್ದಳು. ಅವಳಿಗಾಗಿ ಜಗಳವಾಡಿದ ನನಗೆ ಅವಮಾನವಾಯಿತು. "ಮತ್ಯಾಕ್ ಕೊಟ್ರಿ ಪಾಸ್‌ಪೋರ್ಟು?" ಎಂದು ಕೂಗಿಯೇಬಿಟ್ಟೆ.

"ಫ್ಲಾವಿಯದ್ದು ಅವತ್ತು ನನ್ನ ಹತ್ರವೇ ಇತ್ತು," ಎಂದರು ಅಂಕಲ್. "ಪಾಸ್‌ಪೋರ್ಟ್ ಇಲ್ಲದೆ ಎಲ್ಲಿಗೆ ಹೋಗ್ತಾಳೆ ಅಂತ ನಾನು ಧೈರ್ಯದಲ್ಲಿದ್ದೆ. ಅವಳು ಅದನ್ನು ಬಿಟ್ಟೇ ಹೋದಳು. ನಾನು ಟ್ರಾವೆಲ್ ಏಜೆನ್ಸಿಗೆ ಒಪ್ಪಿಸಿದೆ. ಈಗ ಒಂದು ಕಾಗದ ಇಲ್ಲ ಅವಳಲ್ಲಿ. ಅಮ್ಮ ಸತ್ರೂ ಹೋಗ್ಲಿಕ್ಕಾಗ್ಲಿಲ್ಲ. ಇವಳು ಇರುದಾದ್ರೆ ಇರ್ಲಿ, ಕಾಗದ ಹಿಡ್ಕೊಂಡು ಇರ್ಲಿ. ಊರಲ್ಲಿ ಮಗಳಿದ್ದಾಳೆ."

ಅಂಗಿಯ ಮೇಲಿಂದಲೇ ಚೀಲ ಮುಟ್ಟಿ ನೋಡಿಕೊಂಡು ಅವರು ಮುಂದೆ ನಡೆದರು. ನಾನು ಹಿಂದೆ ಹೆಜ್ಜೆ ಹಾಕಿದೆ.

ದೋಣಿಕಟ್ಟೆಯಲ್ಲಿ ಗುಂಪು ಸೇರಿತ್ತು. ಐವಿ ಆಂಟಿ ಡೆಲ್ಮಾ ಎಲ್ಲಿ ಎಂದು ಎರಡು ಸಲ ಕೇಳಿದರು. ಅಂಕಲ್ ನೀರು ನೋಡುತ್ತಾ ನಿಂತುಬಿಟ್ಟರು, ಯಾರನ್ನೂ ಎಣಿಸಲಿಲ್ಲ. ಈಗ ಕತ್ತು ಚಾಚಿ ಗಲ್ಲಿಯ ಬಾಯಿ ನೋಡುವ ಸರದಿ ನನ್ನದು. ಬರುತ್ತಾಳೆ ಅನ್ನಿಸುತ್ತಿತ್ತು, ಬರುವುದಿಲ್ಲ ಅನ್ನಿಸುತ್ತಿತ್ತು; ದೂರದಲ್ಲಿ ಬಂದ ಪ್ರತಿ ಹೆಂಗಸೂ ಅವಳಂತೆಯೇ ಕಂಡಳು. ದೋಣಿ ಬಂತು. ಎಲ್ಲರೂ ಹತ್ತಿದೆವು.

ಆಗ ಓಡುತ್ತಾ ಬಂದಳು. ಕೂದಲು ಕೆದರಿತ್ತು, ಕಣ್ಣು ಊದಿಕೊಂಡಿತ್ತು. ಕಟ್ಟೆಯಿಂದ ದೋಣಿಯೊಳಕ್ಕೆ ಹೆಚ್ಚುಕಡಿಮೆ ಬಿದ್ದಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಅವಳನ್ನು ಅಪ್ಪಿಕೊಂಡು, "ನೋಡಿದ್ರಾ ಅಂಕಲ್, ಬಂದ್ಲು!" ಎಂದೆ.

ಡೆಲ್ಮಾ ನನ್ನ ಕೈ ಬಿಡಿಸಿಕೊಂಡು ಅಂಕಲ್ ಮುಂದೆ ನಿಂತಳು. ಪಾಸ್‌ಪೋರ್ಟನ್ನು ಅವರ ಎದೆಗೆ ಒತ್ತಿ ಹಿಡಿದಳು.

"ಇದು ನಿಮ್ಮ ಹತ್ರವೇ ಇರ್ಲಿ ಅಂಕಲ್. ವಿಮಾನ ಹತ್ತುವವರೆಗೆ ಕೊಡ್ಬೇಡಿ. ನಾನು ಅತ್ತು ಕೇಳಿದ್ರೂ ಕೊಡ್ಬೇಡಿ."

ದೋಣಿಯವನು ಹಗ್ಗ ಬಿಚ್ಚುತ್ತಿದ್ದ. ದಡ ಇನ್ನೂ ಒಂದೇ ಹೆಜ್ಜೆ ದೂರದಲ್ಲಿತ್ತು, ಡೆಲ್ಮಾ ಅದನ್ನೇ ನೋಡುತ್ತಿದ್ದಳು. ಮೋರಿಸ್ ಅಂಕಲ್ ಪಾಸ್‌ಪೋರ್ಟನ್ನು ಚೀಲಕ್ಕೆ ಸೇರಿಸಿ, ಜಿಪ್ಪು ಎಳೆದು, ಅವಳಿಗೂ ದಡಕ್ಕೂ ನಡುವೆ ಹೋಗಿ ನಿಂತರು.