ಬೈಗುಳದ ಸಾಹೇಬನೂ ಅವ್ವನ ಖೂನವೂ

ಬೀದರಿನಲ್ಲಿ ರೇಡಿಯೋ ಇದ್ದ ಮನೆಯ ಹೆಸರಿನಿಂದ ದಾರಿ ಹೇಳುತ್ತಿದ್ದ ಕಾಲ ಅದು. ‘ರೇಡಿಯೋ ವಕೀಲರ ಮನಿ ದಾಟಿ ಎಡಕ್ಕ ಹೊಳ್ರಿ’ ಅಂದರೆ ನಮ್ಮ ಅತ್ತೆಯ ಮನೆ ಸಿಗುತ್ತಿತ್ತು. ನಿಜಾಮರ ರಾಜ್ಯ. ಕಚೇರಿಯಲ್ಲಿ ಉರ್ದು, ಅಡಿಗೆಮನೆಯಲ್ಲಿ ಕನ್ನಡ, ಓಣಿಯಲ್ಲಿ ಎರಡೂ ಕಲಸಿದ ಮಾತು. ನಾನು ಸಾಲಿ ಕಲಿತದ್ದು ಅಷ್ಟಕ್ಕಷ್ಟೇ. ಬರೆಯುವುದರಲ್ಲಿ ತಪ್ಪಿದ್ದರೆ ಇರಲಿ, ಸುಳ್ಳು ಇಲ್ಲ.

ನಮ್ಮ ಊರು ಔರಾದ ಕಡೆ, ಠಾಣಾ ಕುಶನೂರಿನ ಹತ್ತಿರ. ಅಪ್ಪ ಕುರಿ ಕಾಯುವವನು. ಒಂದು ಚಳಿಗಾಲದಲ್ಲಿ ನನ್ನನ್ನು ಬೀದರಿಗೆ ತಂದು ತನ್ನ ತಂಗಿಯ ಮನೆಯಲ್ಲಿ ಬಿಟ್ಟು, ಕುರಿ ಹಿಂದೆ ಹೊರಟುಹೋದ. ಅವ್ವ ಅದಕ್ಕೂ ಬಹಳ ಮೊದಲೇ ತವರಿಗೆ, ಭಾಲ್ಕಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ: ‘ಬರ್ತಾಳ.’ ಅವಳ ಮುಖ ನನಗೆ ಮಸುಕಾಗತೊಡಗಿತ್ತು.

ಅತ್ತೆ ಹೊಡೆಯಲಿಲ್ಲ, ಬೈಯಲಿಲ್ಲ. ಅದೇ ತೊಂದರೆ. ರೊಟ್ಟಿಯ ತಾಟು ನನ್ನ ಮುಂದೆ ಸರಿಸಿ, ಬೆನ್ನು ತಿರುಗಿಸಿ ಕೂಡುತ್ತಿದ್ದಳು. ನಾನು ಉಣ್ಣುವುದನ್ನು ಒಮ್ಮೆಯೂ ನೋಡುತ್ತಿರಲಿಲ್ಲ. ಮಾವ ಕಂಬಳಿ ಮಾರುವವನು, ಬಂದರೆ ಉಂಡು ಮಲಗುತ್ತಿದ್ದ. ಆ ಮನೆಯಲ್ಲಿ ಮಕ್ಕಳಿರಲಿಲ್ಲ. ನಾನು ಹೊಸ್ತಿಲ ಮೇಲೆ ಕೂತು ಒಬ್ಬಳೇ ಹರಳು ತೂರಿ ಹಿಡಿಯುವ ಆಣಿಕಲ್ಲು ಆಡುತ್ತಿದ್ದೆ. ಎಡಗೈ ಒಬ್ಬಾಕೆ, ಬಲಗೈ ಇನ್ನೊಬ್ಬಾಕೆ. ಎಡಗೈ ಯಾವಾಗಲೂ ಗೆಲ್ಲುತ್ತಿತ್ತು. ಕಡೆಗೆ ಆ ಆಟವೂ ಬೇಸರವಾಯಿತು.

ವಕೀಲರ ತಾಯಿಯನ್ನು ಓಣಿಯವರೆಲ್ಲ ಬೀಬಿ ಅನ್ನುತ್ತಿದ್ದರು. ಒಂದು ದಿನ ಆಕೆಯೇ ಬಾಗಿಲ ಪರದೆಯ ಸಂದಿಯಿಂದ ಕರೆದಳು.

“ಏ ಛೋಕರಿ, ನೊಣ ಹೊಡೀಲಿಕ್ಕ ಕುಂತೀ ಏನು? ಒಳಗ ಬಾ.”

ಒಳಗೆ ಊದಿನ ಹೊಗೆಯ ವಾಸನೆ, ಬುಟ್ಟಿ ತುಂಬ ಹಣ್ಣಾದ ಪೇರಲದ ವಾಸನೆ. ಅವರ ಮನೆಯಲ್ಲಿ ಬೇಯಿಸಿದ್ದನ್ನು ನಾನು ತಿನ್ನುವಂತಿಲ್ಲ ಎಂದು ಬೀಬಿಗೆ ಗೊತ್ತಿತ್ತು. ಅದಕ್ಕೆ ಇಡೀ ಪೇರಲ ಕೊಡುತ್ತಿದ್ದಳು. “ಇದನ್ನ ಗಿಡಾನೇ ಬೇಯಿಸ್ಯಾದ, ತಿನ್ನು” ಅನ್ನುತ್ತಿದ್ದಳು.

ಪರದೆಯ ಆಚೆ ದಿವಾನಖಾನೆಯಲ್ಲಿ ರೇಡಿಯೋ. ಮರದ ಪೆಟ್ಟಿಗೆ, ಪಕ್ಕದಲ್ಲಿ ಹಸುಗೂಸಿನಷ್ಟು ದಪ್ಪ ಬ್ಯಾಟರಿ. ವಾರಕ್ಕೊಮ್ಮೆ ಸಂಜೆ ನಮಾಜು ಮುಗಿದ ಮೇಲೆ ಹೈದರಾಬಾದಿನಿಂದ ಜಾಸೂಸಿ ನಾಟಕ ಬರುತ್ತಿತ್ತು. ಅದರಲ್ಲಿ ಒಬ್ಬ ಸಾಹೇಬ, ಪತ್ತೇದಾರ. ಬುದ್ಧಿ ಅಂದರೆ ಬುದ್ಧಿ. ಬಂದವನ ಬೂಟಿಗೆ ಹತ್ತಿದ ಮಣ್ಣು ನೋಡಿ ಯಾವ ಊರಿನವನೆಂದು ಹೇಳುತ್ತಿದ್ದ. ಬಾಯಿ ಮಾತ್ರ ಹೊಲಸು. ಪೊಲೀಸ್ ದಾರೋಗಾನನ್ನು ‘ಬೇವಕೂಫ್’ ಅನ್ನದೆ ಮಾತೇ ಶುರು ಮಾಡುತ್ತಿರಲಿಲ್ಲ. ನೊಂದು ಅಳುತ್ತ ಬಂದವರಿಗೂ, ಇವು ಕಣ್ಣೋ ಅಂಗಿಯ ಗುಂಡಿಯೋ ಎಂದು ಕೇಳುತ್ತಿದ್ದ. ನನಗೆ ತಿಳಿಯದ್ದನ್ನು ಬೀಬಿ ಕನ್ನಡದಲ್ಲಿ ಹೇಳುತ್ತಿದ್ದಳು, ತನ್ನವೂ ಎರಡು ಬೈಗುಳ ಕೂಡಿಸಿ.

ನನಗೆ ಅವನು ಬಹಳ ಸೇರಿದ. ಅವನು ಎದುರಿಗಿದ್ದವರನ್ನು ನೋಡುತ್ತಿದ್ದ. ನೋಡಿ ಬೈಯುತ್ತಿದ್ದ. ನೋಡದೆ ರೊಟ್ಟಿ ಹಾಕುವುದಕ್ಕಿಂತ ಅದು ಮೇಲು ಅನಿಸುತ್ತಿತ್ತು.

ನಾಟಕದಲ್ಲಿ ಎಲ್ಲರೂ ‘ಖೂನ್, ಖೂನ್’ ಎಂದು ಬಡಿದುಕೊಳ್ಳುತ್ತಿದ್ದರು. ಆ ಶಬ್ದ ಮಾತ್ರ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಖೂನ ಅಂದರೆ ಗುರುತು. ಕಳೆದ ಕುರಿ ಸಂತೆಯಲ್ಲಿ ಸಿಕ್ಕರೆ ಅಪ್ಪ ಅದರ ಕಿವಿಯ ಕೊಯ್ತ ನೋಡಿ, “ಖೂನ ಸಿಕ್ತು, ಇದು ನಮ್ದೇ” ಅನ್ನುತ್ತಿದ್ದ. ಹಾಗಾದರೆ ಈ ಸಾಹೇಬ ಕಳೆದವರ ಖೂನ ಹಿಡಿದು ಮನೆಗೆ ತಂದು ಮುಟ್ಟಿಸುವವನು ಎಂದು ತಿಳಿದುಕೊಂಡೆ. ಆಮೇಲೆ ನನ್ನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ.

ಒಂದು ಸಂಜೆ ನಾಟಕ ಶುರುವಾಗುವ ಮೊದಲು ಧೈರ್ಯ ಮಾಡಿದೆ.

“ಬೀಬಿ, ಸಾಹೇಬರಿಗಿ ಒಂದು ಮಾತು ಹೇಳ್ರಿ. ನಮ್ಮವ್ವನ ಖೂನದ ಕೆಲಸ ಅದ.”

ಬೀಬಿಯ ಕೈಯಲ್ಲಿದ್ದ ಪೇರಲ ಚಾಪೆಯ ಮೇಲೆ ಉರುಳಿತು.

“ಖೂನ್? ನಿಮ್ಮವ್ವಂದು?”

“ಹೌದರಿ.”

“ಎಲ್ಲಿ?”

“ಭಾಲ್ಕಿಯೊಳಗ ಆಗಬೇಕ್ರಿ. ಅಲ್ಲೇ ಹೋಗ್ಯಾಳ.”

“ಯಾರು ಮಾಡಿದ್ರು?”

“ಇನ್ನಾ ಯಾರೂ ಮಾಡಿಲ್ರಿ. ಅದಕ್ಕೇ ಸಾಹೇಬರು ಬೇಕು.”

“ನಿಮ್ಮ ಅತ್ತಿಗಿ ಗೊತ್ತದ ಏನು?”

“ಗೊತ್ತದರಿ. ನನಗ ಹೇಳಂಗಿಲ್ಲ.”

ಬೀಬಿ ಬುರಖಾ ಹಾಕಿಕೊಂಡಳು. ನೆರೆಮನೆಗಳಿಗೆ ಎಂದೂ ಹೋಗದ ಹೆಂಗಸು ನನ್ನ ರಟ್ಟೆ ಹಿಡಿದು ಓಣಿ ದಾಟಿದಳು. ಅತ್ತೆ ರೊಟ್ಟಿ ಬಡಿಯುತ್ತಿದ್ದಳು.

“ಏ ನಾಗವ್ವ,” ಬೀಬಿ ಹೊಸ್ತಿಲಲ್ಲೇ ನಿಂತು ಕೇಳಿದಳು, “ಈ ಕೂಸಿನ ತಾಯಿದು ಖೂನ್ ಆಗ್ಯಾದಂತ. ನೀ ಮುಚ್ಚಿಟ್ಟೀ ಅಂತ. ಖರೇ ಹೇಳು. ನನ್ನ ಮಗ ವಕೀಲ ಇದ್ದಾನ.”

ಅತ್ತೆಯ ಹಿಟ್ಟಿನ ಕೈ ಹಾಗೇ ನಿಂತಿತು.

“ಯಾವ ಖೂನ್ ರೀ, ಬೀಬಿ? ಇಕಿ ಅವ್ವ, ನಮ್ಮ ವೈನಿ, ಹಡಿಯೂದ್ರೊಳಗ ಸತ್ತಾಳ. ಕೂಸೂ ಉಳೀಲಿಲ್ಲ. ಯಾರೂ ಏನೂ ಮಾಡಿಲ್ಲ.”

ನನಗೆ ಗೊತ್ತಾದದ್ದು ಹೀಗೆ. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆ ಎದ್ದಿತು. ಯಾರೂ ತೆಗೆಯಲಿಲ್ಲ.

ಬೀಬಿ ನನ್ನ ಕಡೆ ತಿರುಗಿದಳು. “ಮತ್ತ ಖೂನ್ ಅಂದೆಲ್ಲ?”

“ಕುರೀದು ಹಿಡೀತಾರಲ್ರಿ, ಆ ಖೂನ. ಅಕಿ ಬಂದ್ರ ನನಗ ಗುರ್ತು ಸಿಗಂಗಿಲ್ಲ. ಅದಕ್ಕ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬೀಬಿ, “ಯಾ ಅಲ್ಲಾ” ಎಂದು ಹೊಸ್ತಿಲ ಮೇಲೇ ಕೂತಳು.

ಅತ್ತೆ ಸುಟ್ಟ ರೊಟ್ಟಿ ತೆಗೆದು ಬದಿಗಿಟ್ಟಳು. “ಬಾ ಇಲ್ಲಿ” ಎಂದು ನನ್ನನ್ನು ಒಲೆಯ ಮುಂದೆ ಕೂಡಿಸಿ ಹಿಟ್ಟಿನ ಉಂಡೆ ಇಟ್ಟಳು. “ಬಡಿ.” ನಾನು ಬಡಿದೆ. ನನ್ನ ಎಡಗೈ ತಾನಾಗಿ ಮುಂದೆ ಬಂತು. ಆ ದಿನ ಅವಳು ಬೆನ್ನು ತಿರುಗಿಸಲಿಲ್ಲ.

“ಇದೇ ಖೂನ,” ಅಂದಳು. “ಅಕೀನೂ ಎಡಚಿ. ಹಿಂಗೇ ಬಡೀತಿದ್ಲು. ನನ್ನ ಲಗ್ನ ಆಗೂತನಕ ಒಂದೇ ಒಲಿ ಮುಂದ ಕುಂತವ್ರು ನಾವು. ನೀ ಉಣ್ಣೂದು ನೋಡಿದ್ರ ಅಕಿನೇ ಕುಂತಂಗ ಆಗ್ತದ. ಅದಕ್ಕ ಈ ಕಡೆ ನೋಡಂಗಿಲ್ಲ.”

ನಾನು ಅಳಲಿಲ್ಲ. ಉಂಡೆ ಮುಗಿಯುವ ತನಕ ಬಡಿದೆ. ರೊಟ್ಟಿ ಸೊಟ್ಟಗಾಗಿತ್ತು. ಅತ್ತೆ, “ಭಾಲ್ಕಿ ನಕಾಶಿ ತೆಗ್ದೀ ಏನು?” ಎಂದು ಬೈದಳು. ಆ ಮನೆಯಲ್ಲಿ ನನಗೆ ಬಿದ್ದ ಮೊದಲ ಬೈಗುಳ ಅದು.

ಮುಂದಿನ ವಾರವೂ ನಾಟಕ ಕೇಳಲು ಹೋದೆ. ಸಾಹೇಬ ಎಂದಿನಂತೆ ದಾರೋಗಾನ ಮೇಲೆ ಹರಿಹಾಯ್ದ. ನನ್ನನ್ನು ಕಂಡಿದ್ದರೆ ನನ್ನನ್ನೂ ಬಿಡುತ್ತಿರಲಿಲ್ಲ: ಬೇವಕೂಫ್, ನಿನ್ನ ಕೈಯಲ್ಲೇ ಇಟ್ಟುಕೊಂಡು ಊರೆಲ್ಲ ಹುಡುಕಿದೆಯಲ್ಲ.

ನಿಜಾಮರ ಆಳ್ವಿಕೆ ಮುಗಿದ ಗದ್ದಲದಲ್ಲಿ ಬೀಬಿಯ ಮನೆಯವರು ಹೈದರಾಬಾದಿಗೆ ಹೋದರು. ರೇಡಿಯೋ ಅವರ ಜೊತೆ ಹೋಯಿತು. ಆ ದನಿಯನ್ನು ಮತ್ತೆ ಕೇಳಲಿಲ್ಲ. ಅತ್ತೆ ಹೋಗಿಯೂ ಬಹಳ ಕಾಲವಾಯಿತು. ಈಗ ನನ್ನ ಮನೆಯಲ್ಲಿ ಖೂನ ಅಂದರೆ ಮೊಮ್ಮಕ್ಕಳು ಕೊಲೆ ಎಂದೇ ತಿಳಿಯುತ್ತಾರೆ. ನಾನು ತಿದ್ದುವುದಿಲ್ಲ. ನನ್ನ ಬಾಯಿ ಕೆಟ್ಟದ್ದು ಎಂದು ಸೊಸೆಯಂದಿರು ಹೇಳುತ್ತಾರೆ, ಅದು ನಿಜ. ಆದರೆ ಬೈಯುವಾಗ ನಾನು ಎದುರಿಗಿದ್ದವರ ಮುಖ ನೋಡುತ್ತೇನೆ.

ಮೊಮ್ಮಕ್ಕಳು ಉಣ್ಣಲು ಕೂತಾಗ ಮುಖಕ್ಕಿಂತ ಮೊದಲು ಕೈ ನೋಡುತ್ತೇನೆ. ಎಲ್ಲರೂ ಬಲಗೈಯವರೇ.